ಮನೆಯ ಯಂತ್ರಗಳು: ಇದ್ದರೂ ಸರಿ, ಇಲ್ಲದಿದ್ದರೂ ಸರಿ

ಮದುವೆ ಮುಂಜಿಗಳಿಗೆ ಅಡಿಗೆಯವರನ್ನು ಗೊತ್ತುಮಾಡಿದವರಿಗೆಲ್ಲ ಈ ಅನುಭವವು ಉಂಟಷ್ಟೆ. ಪಳಗಿದ ಅಡಿಗೆಯವನು ಮುಂಗಡದ ಹಣವನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮೊದಲು ಮನೆಯ ಹಿತ್ತಲಿಗೆ ಹೋಗಿ ನೋಡುತ್ತಾನೆ. ನೀರು ಎಲ್ಲಿಂದ ಬರುತ್ತದೆ, ಕೊಪ್ಪರಿಗೆಗಳು ಎಷ್ಟಿವೆ, ರುಬ್ಬುವುದಕ್ಕೆ ಒರಳೋ ಗ್ರೈಂಡರೋ, ಕರೆಂಟು ಹೋದರೆ ಗತಿಯೇನು ಎಂದು ಒಂದೊಂದಾಗಿ ಕೇಳುತ್ತಾನೆ. ರುಬ್ಬುವ ಅನುಕೂಲವಿಲ್ಲವೆಂದರೆ ಅವನು ಮುನಿಸಿಕೊಂಡು ಹೊರಟುಹೋಗುವುದಿಲ್ಲ. ವಡೆಯನ್ನು ಬಿಟ್ಟು ಬೋಂಡ ಮಾಡೋಣವೆನ್ನುತ್ತಾನೆ. ಒಲೆ ಹೂಡುವುದಕ್ಕೇ ಸ್ಥಳವಿಲ್ಲವೆಂದಾಗ ಮಾತ್ರ ಕೈಮುಗಿದು ಬೇರೆಯವರನ್ನು ನೋಡಿಕೊಳ್ಳಿರೆನ್ನುತ್ತಾನೆ. ಇಲ್ಲದಿದ್ದರೆ ನಡೆಯದ ವಸ್ತು ಯಾವುದು, ಇದ್ದರೆ ಒಳ್ಳೆಯದೆನ್ನುವ ವಸ್ತು ಯಾವುದು ಎಂಬ ವಿವೇಕವು ಅವನಿಗೆ ವೃತ್ತಿಯಿಂದಲೇ ಬಂದಿರುತ್ತದೆ.

ಈಚೆಗೆ ನಮ್ಮ ಮನೆತನದಲ್ಲಿಯೇ ನಡೆದ ಒಂದು ಸಂಗತಿಯು ಈ ಅಡಿಗೆಯವನನ್ನು ನಮ್ಮ ನೆನಪಿಗೆ ತಂದಿತು. ಮೊಬೈಲು ಫೋನುಗಳಿಗೆ ಆ್ಯಪುಗಳನ್ನು ಬರೆಯುವ ತರುಣರು ಇಂದು ಎಷ್ಟೋ ಮನೆಗಳಲ್ಲಿದ್ದಾರೆ. ಆ ಆ್ಯಪುಗಳನ್ನು ನೆಚ್ಚಿಕೊಂಡ ಹಿರಿಯರು ಅದಕ್ಕಿಂತ ಹೆಚ್ಚಾಗಿದ್ದಾರೆ. ಆದಕಾರಣ ಈ ವಿಷಯವು ಗೃಹಸ್ಥರಿಗೆ ಸಂಬಂಧಪಡದುದೆಂದು ವಾಚಕರು ಪುಟವನ್ನು ತಿರುವಿ ಹಾಕಬಾರದಾಗಿ ಕೋರುತ್ತೇವೆ.

ನಮ್ಮ ಅಕ್ಕನವರು ಮೈಸೂರಿನಲ್ಲಿ ಒಬ್ಬರೇ ಇರುವರು. ವಯಸ್ಸು ಎಪ್ಪತ್ತೆರಡು. ರಕ್ತದ ಒತ್ತಡಕ್ಕೆ, ಥೈರಾಯ್ಡಿಗೆ, ಮೂಳೆಗೆ ಎಂದು ದಿನಕ್ಕೆ ಐದು ಮಾತ್ರೆಗಳು. ಒಂದು ಬರಿಹೊಟ್ಟೆಗೆ, ಒಂದು ತಿಂಡಿಯಾದ ಮೇಲೆ, ಹೀಗೆ. ಬೆಂಗಳೂರಿನಲ್ಲಿ ಆ್ಯಪು ಬರೆಯುವ ಉದ್ಯೋಗದಲ್ಲಿರುವ ನಮ್ಮ ಅಣ್ಣನ ಮಗನು, ಅತ್ತೆಯ ಸಲುವಾಗಿಯೇ ಮಾತ್ರೆಯ ವೇಳೆಯನ್ನು ಕೂಗಿ ಹೇಳುವ, ನುಂಗಿದ ಮೇಲೆ ಗುರುತು ಹಾಕಿಕೊಳ್ಳುವ ಒಂದು ಸಣ್ಣ ಆ್ಯಪನ್ನು ರಚಿಸಿ, ಇತರರಿಗೂ ಒದಗಲೆಂದು ಆ್ಯಪುಗಳ ಅಂಗಡಿಯಲ್ಲಿಟ್ಟಿದ್ದನು. ಅದರ ಅಡಿಯಲ್ಲಿ, ಮೈ ಸರಿಯಿಲ್ಲವೆನಿಸಿದರೆ ಮಗನಿಗೆ ಫೋನು ಹೋಗುವಂತೆ ಒಂದು ಕೆಂಪು ಗುಂಡಿಯನ್ನೂ ಇರಿಸಿದ್ದನು. ಅಕ್ಕನವರು ಒಂದು ವರ್ಷಕಾಲ ಇದನ್ನು ನಂಬಿಕೊಂಡು ಸುಖವಾಗಿದ್ದರು.

ಕಣ್ಣು ಮಂಜಾಗುತ್ತ ಬಂದುದರಿಂದ ಅವರ ಮಗನು ಹೋದ ಸಂಕ್ರಾಂತಿಯಲ್ಲಿ ದೊಡ್ಡ ಅಕ್ಷರಗಳು ಕಾಣುವಂತಹ ಟ್ಯಾಬ್ಲೆಟ್ಟೊಂದನ್ನು ತಂದುಕೊಟ್ಟನು. ಅದಕ್ಕೆ ಸಿಮ್ ಇಲ್ಲ. ಮನೆಯ ವೈಫೈಯಲ್ಲಿ ನಡೆಯುವುದು. ಮಾತನಾಡುವುದಕ್ಕೆ ಗುಂಡಿ ಒತ್ತುವ ಹಳೆಯ ಫೋನು ಸಾಕೆಂದು, ಸಣ್ಣ ಅಕ್ಷರದ ಫೋನನ್ನು ಅಕ್ಕನವರು ಕೆಲಸದವಳ ಮಗಳಿಗೆ ಕೊಟ್ಟುಬಿಟ್ಟರು. ಬಳಿಕ ಟ್ಯಾಬ್ಲೆಟ್ಟಿನಲ್ಲಿ ಮಾತ್ರೆಯ ಆ್ಯಪನ್ನು ಹುಡುಕಿದರೆ ಅಂಗಡಿಯಲ್ಲಿ ಅದು ಇಲ್ಲವೇ ಇಲ್ಲ. ಕನ್ನಡದಲ್ಲಿ ಬರೆದು ನೋಡಿದರು, ಇಂಗ್ಲಿಷಿನಲ್ಲಿ ಬರೆದು ನೋಡಿದರು. ಸಿಕ್ಕಲಿಲ್ಲ. ಹದಿನೈದು ದಿನ ಯಾರಿಗೂ ಹೇಳದೆ ಕ್ಯಾಲೆಂಡರಿನ ಹಿಂಬದಿಯಲ್ಲಿ ವೇಳೆಯನ್ನು ಗುರುತು ಹಾಕಿಕೊಂಡರು. ಒಂದು ದಿನ ಒತ್ತಡದ ಮಾತ್ರೆಯನ್ನು ನುಂಗಿದ್ದು ಮರೆತು ಮತ್ತೊಮ್ಮೆ ನುಂಗಿ, ಸಂಜೆಯವರೆಗೂ ತಲೆ ತಿರುಗಿ ಮಲಗಿದ್ದರಂತೆ.

“ನನಗೆ ಏಕೆ ಹೇಳಲಿಲ್ಲ ಅತ್ತೆ?” ಎಂದು ಹುಡುಗನು ಕೇಳಿದುದಕ್ಕೆ ಅವರು, “ನನಗೇ ಹುಡುಕುವುದಕ್ಕೆ ಬರುವುದಿಲ್ಲ ಅಂದುಕೊಂಡೆನಪ್ಪ. ಇಷ್ಟಕ್ಕೆಲ್ಲ ನಿನ್ನ ಕೆಲಸ ಕೆಡಿಸುವುದೆ?” ಎಂದರು.

ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಆ್ಯಪು ಕೆಟ್ಟುಹೋದರೆ ಜನರು ಬಯ್ಯುವರು, ಕಾಗದ ಬರೆಯುವರು, ತಯಾರಿಸಿದವನಿಗೆ ತಿಳಿಯುವುದು. ಕಣ್ಣಿಗೇ ಬೀಳದ ಆ್ಯಪಿನ ವಿಷಯದಲ್ಲಿ ದೂರು ಹೇಳುವವರು ಯಾರು? ಬಾಗಿಲು ಮುಚ್ಚಿದೆಯೆಂದು ಹೇಳಬೇಕಾದರೂ ಅಲ್ಲಿ ಬಾಗಿಲಿದೆಯೆಂಬುದು ಗೊತ್ತಿರಬೇಕಷ್ಟೆ. ಹೊರಗುಳಿದವರು ತಪ್ಪು ತಮ್ಮದೇ ಎಂದು ಸುಮ್ಮನಾಗುವರು.

ಅಂಗಡಿಯವರ ತಪ್ಪೇನೂ ಇದರಲ್ಲಿರಲಿಲ್ಲ. ತಪ್ಪು ನಮ್ಮ ಹುಡುಗನದೇ. ಅದು ಹೇಗೆಂಬುದನ್ನು ಅವನಿಂದಲೇ ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡೆವು. ಆಂಡ್ರಾಯ್ಡ್ ಏರ್ಪಾಟಿನಲ್ಲಿ ಪ್ರತಿಯೊಂದು ಆ್ಯಪಿನ ಜೊತೆಗೂ ಮ್ಯಾನಿಫೆಸ್ಟ್ ಎಂಬ ವಿವರಪಟ್ಟಿಯಿರುತ್ತದೆ. ಫೋನಿನ ಯಾವ ಯಾವ ಅಂಗಗಳನ್ನು ಆ್ಯಪು ಬಳಸುವುದು ಎಂಬುದನ್ನು ‘ಯೂಸಸ್-ಫೀಚರ್’ ಎಂಬ ಸಾಲುಗಳಲ್ಲಿ ಬರೆಯತಕ್ಕದ್ದು. ಕ್ಯಾಮೆರಾ, ಮೈಕು, ಬ್ಲೂಟೂತ್, ದಿಕ್ಸೂಚಿ, ದೂರವಾಣಿ ಮೊದಲಾದವುಗಳಿಗೆ ಒಂದೊಂದು ಗೊತ್ತಾದ ಹೆಸರಿದೆ. ಗೂಗಲ್ಲಿನ ಪ್ಲೇ ಸ್ಟೋರು ಈ ಪಟ್ಟಿಯನ್ನು ಓದಿ, ಬೇಕಾದ ಅಂಗವಿಲ್ಲದ ಫೋನುಗಳಿಗೆ ಆ ಆ್ಯಪನ್ನು ತೋರಿಸುವುದೇ ಇಲ್ಲ. ಇದು ಒಳ್ಳೆಯ ಉದ್ದೇಶದಿಂದಲೇ ಮಾಡಿದ ಏರ್ಪಾಟು; ನಡೆಯದ ಸರಕನ್ನು ಗಿರಾಕಿಗೆ ಕಟ್ಟಬಾರದಲ್ಲವೆ? ಆದರೆ ಪ್ರತಿ ಸಾಲಿನ ಕೊನೆಗೆ ‘ರಿಕ್ವೈರ್ಡ್’, ಎಂದರೆ ‘ಬೇಕೇಬೇಕೆ?’ ಎಂಬ ಪ್ರಶ್ನೆಯೊಂದಿದೆ. ಅದಕ್ಕೆ ಬರೆಯುವವನು ಏನೂ ಉತ್ತರ ಕೊಡದಿದ್ದರೆ ‘ಬೇಕೇಬೇಕು’ ಎಂದೇ ಅರ್ಥ. ಮೌನವು ಇಲ್ಲಿ ಸಮ್ಮತಿಯಲ್ಲ, ಬಹಿಷ್ಕಾರ.

ನಮ್ಮ ಹುಡುಗನಾದರೋ ಆ ಸಾಲನ್ನು ಬರೆದೇ ಇರಲಿಲ್ಲ! ಕೆಂಪು ಗುಂಡಿಗಾಗಿ, ಕರೆ ಮಾಡುವ ಅನುಮತಿಯೊಂದನ್ನು ಮಾತ್ರ ಕೇಳಿದ್ದನು. ಕರೆ ಮಾಡುವ ಅನುಮತಿ ಬೇಕೆಂದ ಮೇಲೆ ದೂರವಾಣಿಯೂ ಬೇಕೇಬೇಕೆಂದು ಅಂಗಡಿಯು ತಾನಾಗಿಯೇ ಊಹಿಸಿಕೊಳ್ಳುವುದಂತೆ. ಇದೇ ರೀತಿ ಕ್ಯಾಮೆರಾದ ಅನುಮತಿ ಕೇಳಿದರೆ ಕ್ಯಾಮೆರಾ ಮಾತ್ರವಲ್ಲ, ತಾನಾಗಿ ಸ್ಫುಟಗೊಳಿಸಿಕೊಳ್ಳುವ ಆಟೋಫೋಕಸ್ ಕೂಡ ಬೇಕೆಂದು ಎಣಿಕೆಯಾಗುವುದು; ಧ್ವನಿ ಮುದ್ರಿಸುವ ಅನುಮತಿ ಕೇಳಿದರೆ ಮೈಕು. ಹೀಗೆ ಐದು ಮಾತ್ರೆಗಳ ಲೆಕ್ಕವಿಡುವ ಆ್ಯಪು, ಎಂದೋ ಒಮ್ಮೆ ಒತ್ತಬಹುದಾದ ಒಂದು ಗುಂಡಿಯ ದೆಸೆಯಿಂದ, ಸಿಮ್ ಇಲ್ಲದ ಟ್ಯಾಬ್ಲೆಟ್ಟುಗಳಿಗೆಲ್ಲ ಅಗೋಚರವಾಯಿತು. ಆ್ಯಪು ಬರೆಯುವವರಿಗಾಗಿ ಅಂಗಡಿಯವರು ಇಟ್ಟಿರುವ ಲೆಕ್ಕದ ಪುಟದಲ್ಲಿ, ಹೊರಗುಳಿದ ಸಾಧನಗಳ ಪಟ್ಟಿಯೂ ಅದಕ್ಕೆ ಕಾರಣವೂ ಕಾಣುವುದು. ಹುಡುಗನು ಅದನ್ನು ತೆರೆದು ನೋಡಿದ್ದು ಅಂದೇ ಮೊದಲಂತೆ. ಪಟ್ಟಿಯು ಬೆರಳಿನಿಂದ ಎಷ್ಟು ಸರಿಸಿದರೂ ಮುಗಿಯಲೊಲ್ಲದು. ಅವನ ಮುಖವು ಬಾಡಿದುದನ್ನು ಕಂಡು ಅಕ್ಕನವರೇ ಕಾಫಿ ತಂದುಕೊಟ್ಟು ಸಮಾಧಾನ ಹೇಳಿದರು.

ಇಂತಹ ಪೇಚಿಗೆ ಸಿಕ್ಕಿದವನು ಅವನೊಬ್ಬನೇ ಅಲ್ಲ. ೨೦೧೨ರಲ್ಲಿ ಗೂಗಲ್ ಕಂಪನಿಯು ನೆಕ್ಸಸ್ ೭ ಎಂಬ ಏಳಂಗುಲದ ಟ್ಯಾಬ್ಲೆಟ್ಟನ್ನು ಹೊರತಂದಿತು. ಅದಕ್ಕೆ ಮುಂಗಡೆ ಕ್ಯಾಮೆರಾ ಉಂಟು, ಹಿಂಗಡೆ ಇಲ್ಲ. ಕರೆ ಮಾಡುವ ಸೌಕರ್ಯವೂ ಇಲ್ಲ. ಅದುವರೆಗೆ ‘ಕ್ಯಾಮೆರಾ’ ಎಂಬ ಹೆಸರಿಗೆ ಆಂಡ್ರಾಯ್ಡಿನಲ್ಲಿ ಹಿಂಗಡೆಯ ಕ್ಯಾಮೆರಾ ಎಂದೇ ಅರ್ಥವಾಗಿದ್ದಿತು. ಕ್ಯಾಮೆರಾ ಬೇಕೆಂದು ಬರೆದಿದ್ದ ಆ್ಯಪುಗಳು, ಮುಖ ನೋಡಿ ಮಾತನಾಡುವುದಕ್ಕೆ ಮುಂಗಡೆಯದೇ ಸಾಕಾಗಿದ್ದರೂ, ಆ ಟ್ಯಾಬ್ಲೆಟ್ಟಿಗೆ ಸಿಕ್ಕದೆ ಹೋಗುವಂತಾಯಿತು. ವಿವರಪಟ್ಟಿಗಳನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿರೆಂದು ಗೂಗಲ್ಲಿನವರೇ ಆಗ ಆ್ಯಪು ಬರೆಯುವವರಿಗೆ ತಿಳಿಸಬೇಕಾಯಿತು. ಅದೇ ವರ್ಷ ಬಂದ ಆಂಡ್ರಾಯ್ಡ್ ೪.೨ರಲ್ಲಿ ‘ಯಾವುದಾದರೊಂದು ಕ್ಯಾಮೆರಾ’ ಎಂಬ ಅರ್ಥದ ಹೊಸ ಹೆಸರನ್ನೇ ಸೇರಿಸಿದರು. ಮುಟ್ಟಿ ನಡೆಸುವ ಪರದೆಯ ಕಥೆಯೂ ಇದೇ. ಯಾರೂ ಏನೂ ಹೇಳದಿದ್ದರೆ ಸ್ಪರ್ಶದ ಪರದೆ ಬೇಕೆಂದೇ ಎಣಿಕೆ. ಟೆಲಿವಿಷನ್ನಿಗೆಂದು ಆ್ಯಪು ಬರೆಯುವವರು ‘ಅದು ಇಲ್ಲದಿದ್ದರೂ ಆದೀತು’ ಎಂದು ಬಾಯಿಬಿಟ್ಟು ಹೇಳಬೇಕು.

ಆಪಲ್ ಕಂಪನಿಯ ಸಾಧನಗಳಲ್ಲಿಯೂ ಎಲ್ಲಕ್ಕೂ ಎಲ್ಲ ಅಂಗಗಳಿರಲಿಲ್ಲ. ೨೦೦೭ರ ಮೊದಲನೆಯ ಐಫೋನಿನಲ್ಲಿ ಉಪಗ್ರಹದಿಂದ ಸ್ಥಳವನ್ನು ತಿಳಿಯುವ ಜಿಪಿಎಸ್ ಇರಲಿಲ್ಲ. ೨೦೧೦ರ ಮೊದಲನೆಯ ಐಪ್ಯಾಡಿನಲ್ಲಿ ಕ್ಯಾಮೆರಾವೇ ಇರಲಿಲ್ಲ, ಮರುವರ್ಷದ ಐಪ್ಯಾಡಿಗೆ ಎರಡು ಬಂದವು. ಅಲ್ಲಿಯೂ ಬೇಕಾದ ಅಂಗಗಳ ಪಟ್ಟಿಯೊಂದುಂಟು. ಒಮ್ಮೆ ಕೆಲವು ಸಾಧನಗಳಿಗೆ ಕೊಟ್ಟ ಆ್ಯಪಿನ ಹೊಸ ಆವೃತ್ತಿಯಲ್ಲಿ, ಆ ಸಾಧನಗಳು ಹೊರಬೀಳುವಂತೆ ಹೊಸ ಅಂಗಗಳನ್ನು ಕಡ್ಡಾಯ ಮಾಡುವುದಕ್ಕೆ ಅವರು ಬಿಡುವುದಿಲ್ಲ. ಉಣ್ಣಲು ಕರೆದವರನ್ನು ಪಂಕ್ತಿಯಿಂದ ಎಬ್ಬಿಸಬಾರದೆಂಬ ಮರ್ಯಾದೆ ಇದು, ನಮಗೆ ಮೆಚ್ಚಿಗೆಯಾಯಿತು.

ಹಾಗಾದರೆ ಎಲ್ಲಕ್ಕೂ ‘ಬೇಕಾಗಿಲ್ಲ’ ಎಂದು ಬರೆದುಬಿಟ್ಟರೆ ಮುಗಿಯಿತೆ? ನಾವೂ ಹಾಗೆಯೇ ಕೇಳಿದೆವು. “ಆಗಲೇ ಚಿಕ್ಕಪ್ಪ, ನಿಜವಾದ ಕೆಲಸ ಶುರುವಾಗುವುದು” ಎಂದನು. ಬಾಗಿಲು ತೆರೆದ ಮೇಲೆ ಅಂಗವಿಲ್ಲದ ಸಾಧನಗಳೂ ಒಳಗೆ ಬರುವುವು. ಆ್ಯಪು ಅವುಗಳೊಳಗೆ ನಿಂತು, ಆ ಅಂಗವನ್ನು ಮುಟ್ಟುವುದಕ್ಕೆ ಮೊದಲು, ಅದು ಉಂಟೋ ಇಲ್ಲವೋ ಎಂದು ಕೇಳತಕ್ಕದ್ದು. ಆಂಡ್ರಾಯ್ಡಿನಲ್ಲಿ ‘ಹ್ಯಾಸ್‌ಸಿಸ್ಟಮ್‌ಫೀಚರ್’ ಎಂಬ ಒಂದು ಪ್ರಶ್ನೆಯಿದೆ. ಅಂಗದ ಹೆಸರನ್ನು ಕೊಟ್ಟು ಕೇಳಿದರೆ ಉಂಟು ಅಥವಾ ಇಲ್ಲ ಎಂಬ ಉತ್ತರ ಬರುವುದು. ಕೆಲವರು ಹೀಗೆ ಕೇಳದೆ, ಇಂತಹ ಕಂಪನಿಯ ಇಂತಹ ಫೋನಾದ್ದರಿಂದ ಇದ್ದೇ ಇರುತ್ತದೆಂದು ಹೆಸರನ್ನು ನೋಡಿ ಊಹಿಸುವರು. ಒಂದೇ ಹೆಸರಿನ ಫೋನು ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿ ಮಾರಾಟವಾಗುವುದುಂಟು. ಕುಲಗೋತ್ರವನ್ನು ನೋಡಿ ಸ್ವಭಾವವನ್ನು ಹೇಳುವುದು ಮನುಷ್ಯರ ವಿಷಯದಲ್ಲಿಯೇ ಸುಳ್ಳಾಗಿರುವಾಗ ಯಂತ್ರಗಳಲ್ಲಿ ನಿಜವಾದೀತೆ?

ಕೇಳದಿದ್ದರೆ ಏನಾಗುವುದು? ಆ್ಯಪು ಫಕ್ಕನೆ ಮುಚ್ಚಿಕೊಂಡರೆ ಅದು ಅಲ್ಪ ಕೇಡು; ಇನ್ನೊಂದು ಬಗೆಯ ಕೇಡು ಅದಕ್ಕಿಂತ ದೊಡ್ಡದು. ನಮ್ಮ ನೆರೆಯ ಮಹನೀಯರೊಬ್ಬರು ಹೊಸ ಮನೆಯ ದೇವರ ಕೋಣೆಗೆ ದಿಕ್ಕನ್ನು ಗೊತ್ತುಮಾಡಲು ಫೋನಿನಲ್ಲಿ ದಿಕ್ಸೂಚಿಯ ಆ್ಯಪೊಂದನ್ನು ಹಾಕಿಕೊಂಡರು. ಅವರ ಫೋನಿನಲ್ಲಿ ದಿಕ್ಕನ್ನು ಅಳೆಯುವ ಅಂಗವೇ ಇಲ್ಲ. ಆ್ಯಪು ಅದನ್ನು ವಿಚಾರಿಸಿಕೊಳ್ಳದೆ, ಅಳತೆಯೇ ಬಾರದ ಕಡೆ ಸೊನ್ನೆಯನ್ನು ಹಿಡಿದುಕೊಂಡು ಮುಳ್ಳನ್ನು ತೋರಿಸುತ್ತಿದ್ದಿತು. ಸೊನ್ನೆಯೆಂದರೆ ಬಡಗಣ ದಿಕ್ಕು. ಅವರು ಎತ್ತ ತಿರುಗಿದರೂ ಅದರದು ಒಂದೇ ಉತ್ತರ—ಉತ್ತರ! ಗಾರೆಯವನು ಬೆಳಗಿನ ಸೂರ್ಯನನ್ನು ತೋರಿಸಿ ತಿದ್ದಿದ್ದರಿಂದ ಗೋಡೆ ಉಳಿಯಿತು. ಆಂಡ್ರಾಯ್ಡು ಇಂತಹ ಅಳತೆಯ ಅಂಗವನ್ನು ಕೇಳಿದಾಗ, ಇಲ್ಲದಿದ್ದರೆ ‘ನಲ್’, ಎಂದರೆ ಶೂನ್ಯಹಸ್ತವನ್ನೇ ಚಾಚುವುದು, ಅದು ಸೊನ್ನೆಯಲ್ಲ. ಡಬ್ಬಿಯಲ್ಲಿ ಸಕ್ಕರೆ ಮುಗಿದಿರುವುದೂ ಡಬ್ಬಿಯೇ ಮನೆಯಲ್ಲಿ ಇಲ್ಲದಿರುವುದೂ ಒಂದೇ ಅಲ್ಲವೆಂಬುದು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇಲ್ಲಿಗೆ ನಮ್ಮ ಹುಡುಗನ ಆ್ಯಪಿನ ಎರಡನೆಯ ಅಧ್ಯಾಯವು ಪ್ರಾರಂಭವಾಯಿತು. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡವನ್ನು ಅಳೆದು, ಬ್ಲೂಟೂತಿನ ಮೂಲಕ ಅಂಕಿಯನ್ನು ಕಳುಹಿಸುವ ಸಣ್ಣ ಯಂತ್ರಗಳು ಈಗ ಮನೆಮನೆಗೂ ಬಂದಿವೆ. ಆ ಅಂಕಿಯನ್ನು ಆ್ಯಪಿನಲ್ಲಿಯೇ ಬರೆದಿಡಬೇಕೆಂದು ಅವನ ಆಸೆ. ಇವುಗಳಿಗೆ ಬೇಕಾದ ಅಲ್ಪಶಕ್ತಿಯ ಬ್ಲೂಟೂತ್ ಆಂಡ್ರಾಯ್ಡಿಗೆ ಬಂದದ್ದು ೨೦೧೩ರಲ್ಲಿ. ಈ ಸಲ ಅವನು ಎಚ್ಚರದಿಂದ ‘ಇದ್ದರೆ ಒಳ್ಳೆಯದು’ ಎಂದೇ ವಿವರಪಟ್ಟಿಯಲ್ಲಿ ಬರೆದನು. ಇಲ್ಲದವರು ಅಂಕಿಯನ್ನು ಕೈಯಿಂದ ಬರೆದುಕೊಳ್ಳಲು ಒಂದು ಚೌಕವನ್ನಿಟ್ಟನು. ಅಷ್ಟಕ್ಕೇ ಮುಗಿಯಲಿಲ್ಲ. ಅಂಗವಿದ್ದರೂ ಅದನ್ನು ಆರಿಸಿಟ್ಟಿರಬಹುದು. ಹೊತ್ತಿಸಿದ್ದರೂ, ಬಳಸಲು ಮನೆಯವರು ಅಪ್ಪಣೆ ಕೊಟ್ಟಿರದೆ ಹೋಗಬಹುದು. ೨೦೧೫ರ ಆಂಡ್ರಾಯ್ಡ್ ೬ರಿಂದ ಈಚೆಗೆ ಇಂತಹ ಅನೇಕ ಅಪ್ಪಣೆಗಳನ್ನು ಆ್ಯಪು ಕೆಲಸದ ನಡುವೆ ಕೇಳಿ ಪಡೆಯಬೇಕು, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರವೂ ಯಜಮಾನನಿಗುಂಟು. ಇಲ್ಲ, ಆರಿದೆ, ಅಪ್ಪಣೆಯಿಲ್ಲ—ಇವು ಮೂರೂ ಬೇರೆ ಬೇರೆ. ಮೂರಕ್ಕೂ ‘ಏನೋ ತೊಂದರೆಯಾಗಿದೆ’ ಎಂದು ಒಂದೇ ಮಾತು ಹೇಳುವ ಆ್ಯಪುಗಳನ್ನು ಕಂಡರೆ ನಮಗೆ ಮೈಯುರಿಯುವುದು. ಆರಿದ್ದರೆ ಹೊತ್ತಿಸಿರೆಂದು ಹೇಳಬೇಕು. ಅಪ್ಪಣೆಯಿಲ್ಲದಿದ್ದರೆ ಏಕೆ ಬೇಕೆಂದು ವಿನಯದಿಂದ ವಿವರಿಸಬೇಕು. ಅಂಗವೇ ಇಲ್ಲವಾದರೆ ಆ ಗುಂಡಿಯನ್ನು ತೋರಿಸದಿರುವುದೇ ಲೇಸು. ಇಲ್ಲದ ವಸ್ತುವನ್ನು ಹೊತ್ತಿಸಿರೆಂದು ಮುದುಕರನ್ನು ಅಲೆಸುವುದು ಪಾಪ.

ಬೆರಳಿನ ಗುರುತಿನಿಂದ ಬೀಗ ತೆರೆಯುವ ಅಂಗದಲ್ಲಿ ಈ ಭೇದವನ್ನು ಆಂಡ್ರಾಯ್ಡಿನವರೇ ಸೊಗಸಾಗಿ ಮಾಡಿಕೊಟ್ಟಿದ್ದಾರೆ. ೨೦೧೯ರ ಆಂಡ್ರಾಯ್ಡ್ ೧೦ರಿಂದ, ಅದನ್ನು ವಿಚಾರಿಸಿದರೆ ‘ಅಂಗವಿಲ್ಲ’, ‘ಅಂಗವಿದೆ, ಸದ್ಯಕ್ಕೆ ದೊರೆಯದು’, ‘ಅಂಗವಿದೆ, ಬೆರಳನ್ನು ಇನ್ನೂ ಪರಿಚಯಿಸಿಲ್ಲ’ ಎಂದು ಬೇರೆ ಬೇರೆ ಉತ್ತರಗಳು ಬರುವುವು. ನಾಲ್ಕನೆಯದೊಂದು ಉತ್ತರವನ್ನು ಅವರು ಮರೆತಿರುವರೆಂದು ನಮ್ಮ ಅಕ್ಕನವರ ಅಭಿಪ್ರಾಯ: ಐವತ್ತು ವರ್ಷ ಪಾತ್ರೆ ತಿಕ್ಕಿದ ಕೈಗಳಲ್ಲಿ ಗೆರೆಗಳೇ ಸವೆದಿರುತ್ತವೆ. ಆದುದರಿಂದ ಅಂಗವಿರುವ ಕಡೆಯಲ್ಲಿಯೂ ಅಂಕಿಯ ಬೀಗವೊಂದು ಜೊತೆಗಿರಬೇಕಾದುದು ಅವಶ್ಯ.

‘ಬೇಕೇಬೇಕು’ ಎಂದು ಬರೆಯುವುದು ಯಾವಾಗಲೂ ತಪ್ಪೆಂದು ನಾವು ಹೇಳುತ್ತಿಲ್ಲ. ದಿಕ್ಕು ತೋರಿಸುವುದನ್ನು ಬಿಟ್ಟು ಬೇರೆ ಕೆಲಸವೇ ಇಲ್ಲದ ಆ್ಯಪಿಗೆ ದಿಕ್ಕಿನ ಅಂಗವನ್ನು ಕಡ್ಡಾಯ ಮಾಡುವುದೇ ಪ್ರಾಮಾಣಿಕತೆ. ಹಾಗೆ ಮಾಡಿದ್ದರೆ ನಮ್ಮ ನೆರೆಯವರ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ಆದರೆ ಗಡಿಯನ್ನು ಎಳೆಯುವಲ್ಲಿ ನಿಧಾನವು ಬೇಕು. ೨೦೧೬ರಲ್ಲಿ ಮಕ್ಕಳಿಗೆಲ್ಲ ಹುಚ್ಚು ಹಿಡಿಸಿದ ಪೋಕೆಮಾನ್ ಗೋ ಎಂಬ ಆಟವನ್ನು ವಾಚಕರು ಬಲ್ಲರು. ಬೀದಿಯ ನೈಜ ಚಿತ್ರದ ಮೇಲೆ ಬೊಂಬೆಯ ಪ್ರಾಣಿಯನ್ನು ನಿಲ್ಲಿಸಿ ತೋರಿಸುವುದಕ್ಕೆ, ಫೋನು ಹೊರಳಿದುದನ್ನು ಅಳೆಯುವ ಜೈರೊಸ್ಕೋಪು ಬೇಕು. ಅಗ್ಗದ ಫೋನುಗಳಲ್ಲಿ ಅನೇಕಕ್ಕೆ ಅದಿರಲಿಲ್ಲ. ಅಂತಹ ಫೋನುಗಳಲ್ಲಿ ಪ್ರಾಣಿಯು ಬೀದಿಯ ಬದಲು ಬರೆದ ಚಿತ್ರದ ಹಿನ್ನೆಲೆಯಲ್ಲಿ ಕಾಣಿಸುತ್ತಿದ್ದಿತು, ಆಟವು ನಡೆಯುತ್ತಿದ್ದಿತು. ಅದರ ಹೆಚ್ಚುಗಾರಿಕೆಯೇ ಆ ಬೀದಿಯ ಚಿತ್ರವೆಂದು ಎಲ್ಲರೂ ಕೊಂಡಾಡುತ್ತಿದ್ದರೂ, ರಚಿಸಿದವರು ಅದನ್ನು ಕಡ್ಡಾಯ ಮಾಡಲಿಲ್ಲ.

ಆ್ಯಪು ಬರೆಯುವವರ ಕೈಯಲ್ಲಿ ಸಾಮಾನ್ಯವಾಗಿ ಬೆಲೆಬಾಳುವ ಫೋನಿರುತ್ತದೆ. ಅದರಲ್ಲಿ ಎಲ್ಲವೂ ಇರುತ್ತದೆ. ಇದ್ದವರಿಗೆ ಇಲ್ಲದವರ ಕಷ್ಟ ಹೊಳೆಯದಿರುವುದು ಹೊಸದೇನೂ ಅಲ್ಲ. ಗಣಕಯಂತ್ರದಲ್ಲಿಯೇ ಕೃತಕವಾದ ಫೋನೊಂದನ್ನು ನಿರ್ಮಿಸಿ, ಅದರಲ್ಲಿ ಕ್ಯಾಮೆರಾ ಇಲ್ಲವೆಂದೋ ಅಳತೆಯ ಅಂಗಗಳಿಲ್ಲವೆಂದೋ ಗೊತ್ತುಪಡಿಸಿ ಪರೀಕ್ಷಿಸುವುದಕ್ಕೆ ಸಾಧನಗಳಿವೆ. ಖರ್ಚೇನೂ ಇಲ್ಲ, ತಾಳ್ಮೆಯೊಂದು ಬೇಕು. ಮನೆಗೆ ಹೊಸ ಫೋನನ್ನೋ ಟ್ಯಾಬ್ಲೆಟ್ಟನ್ನೋ ಕೊಳ್ಳುವ ಗೃಹಸ್ಥರೂ, ದಿನವೂ ಬಳಸುವ ನಾಲ್ಕೈದು ಆ್ಯಪುಗಳ ಹೆಸರನ್ನು ಬರೆದುಕೊಂಡು ಹೋಗಿ, ಅವು ಅದರಲ್ಲಿ ಸಿಕ್ಕುವುವೋ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳುವುದು ಒಳಿತು. ಸಿಕ್ಕದಿದ್ದರೆ, ದಯವಿಟ್ಟು, ತಮಗೇ ಬರುವುದಿಲ್ಲವೆಂದುಕೊಳ್ಳದೆ ಮಕ್ಕಳನ್ನು ಕೇಳಬೇಕು.

ಹುಡುಗನು ಅಂದಿನ ರಾತ್ರಿಯೇ ಕುಳಿತು ಕೆಂಪು ಗುಂಡಿಯನ್ನು ತಿದ್ದಿದನು. ನೇರವಾಗಿ ಕರೆ ಮಾಡುವ ಅನುಮತಿಯನ್ನು ಕೇಳುವುದನ್ನೇ ಬಿಟ್ಟನು. ಅದರ ಬದಲು ಸಂಖ್ಯೆಯನ್ನು ತುಂಬಿ ಫೋನಿನ ಅಂಕಿಗಳ ಹಲಗೆಯನ್ನು ತೆರೆದುಕೊಟ್ಟರೆ ಸಾಕು, ಅದಕ್ಕೆ ಅನುಮತಿಯೇ ಬೇಕಾಗಿಲ್ಲವಂತೆ. ದೂರವಾಣಿಯು ‘ಇದ್ದರೆ ಒಳ್ಳೆಯದು’ ಎಂಬ ಸಾಲನ್ನೂ ವಿವರಪಟ್ಟಿಗೆ ಸೇರಿಸಿದನು. ಆ್ಯಪು ತೆರೆದೊಡನೆ ದೂರವಾಣಿಯುಂಟೆ ಎಂದು ಕೇಳುವುದು. ಉಂಟಾದರೆ ಗುಂಡಿ, ಇಲ್ಲವಾದರೆ ಅದೇ ಸ್ಥಳದಲ್ಲಿ ಮಗನ ಫೋನು ಸಂಖ್ಯೆಯು ದೊಡ್ಡ ದೊಡ್ಡ ಅಂಕಿಗಳಲ್ಲಿ—ಪಕ್ಕದ ಹಳೆಯ ಫೋನಿನಿಂದ ನೋಡಿ ಒತ್ತಿಕೊಳ್ಳಲು. ನಾಲ್ಕು ದಿನಗಳ ಬಳಿಕ ಅಕ್ಕನವರ ಟ್ಯಾಬ್ಲೆಟ್ಟಿನ ಅಂಗಡಿಯಲ್ಲಿ ಆ್ಯಪು ಕಾಣಿಸಿಕೊಂಡಿತು.

“ಹೇಗಿದೆ ಅತ್ತೆ?” ಎಂದು ಅವನು ಬೆಂಗಳೂರಿನಿಂದ ಕೇಳಿದಾಗ ನಾವೂ ಮೈಸೂರಿನಲ್ಲಿಯೇ ಇದ್ದೆವು. ಅಕ್ಕನವರು ಟ್ಯಾಬ್ಲೆಟ್ಟನ್ನು ಕೈಯಳತೆಯ ದೂರಕ್ಕೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ನೋಡಿ, “ಚೆನ್ನಾಗಿದೆಯಪ್ಪ. ಆದರೆ ಇಷ್ಟು ದೊಡ್ಡ ಅಂಕಿ ಏಕೋ? ಎದುರು ಮನೆಯವರೂ ಓದಿಕೊಂಡು ನನ್ನ ಮಗನಿಗೆ ಫೋನು ಮಾಡಿಯಾರು” ಎಂದರು.